ಯಾರೂ ನಡೆಯದ ಓಣಿ

"ಆ ಓಣಿ ಮುಚ್ಚಿದೆ ಅಂತ ಗುರುತು ಹಾಕಿದ್ದು ನಾನು. ಈಗ ತೆರೆದವಳೂ ನಾನೇ ಅಂತಿದಾರೆ," ಎಂದಳು ಹುಡುಗಿ. ಕೂರು ಎಂದರೂ ಕೂರಲಿಲ್ಲ.

ಪ್ರವಾಸಿಗರಿಗೆ ಊರಿನ ದಾರಿ ತೋರಿಸುವ ಆ್ಯಪ್ ಒಂದರಲ್ಲಿ ಅವಳು ಸರ್ವೆಯವಳು. ಬೀದಿ ಬೀದಿ ನಡೆದು ನಕ್ಷೆ ತಿದ್ದುವುದು ಅವಳ ಕೆಲಸ. ಆ್ಯಪ್ ಸುಧಾರಿಸುತ್ತೇವೆಂದು ಹೊರಟ ಮೇಲಿನವರು ಕಾಲುವೆ ಪಕ್ಕದ ಓಣಿಯನ್ನು 'ಸುಂದರ ನಡಿಗೆ' ಎಂದು ಸೇರಿಸಿದ್ದರು. ಅದನ್ನು ನಂಬಿ ಹೋದ ವೃದ್ಧರೊಬ್ಬರು ಕುಸಿದ ಕಲ್ಲುಗಳ ನಡುವೆ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮುಚ್ಚಿದೆ ಎಂದು ಗುರುತಿಸಿದ ದಾರಿಯನ್ನು ಆ್ಯಪ್‌ನಲ್ಲಿ ಮತ್ತೆ ತೆರೆಯಬೇಕಾದರೆ ಸರ್ವೆಯವರ ಫೋನು ಅಲ್ಲಿ ಸಾಗಿಹೋದ ಜಾಡು ಬೇಕು. ಜಾಡು ಇತ್ತು. ಅದು ಅವಳ ಫೋನಿನದು.

"ಆ ಜಾಡು ಬಿದ್ದ ದಿನ ನನಗೆ ರಜೆ. ಫೋನು ಆಫೀಸಲ್ಲೇ ಚಾರ್ಜಿಗಿತ್ತು. ಅಲ್ಲಿ ಇದ್ದದ್ದು ಮುಖ್ಯಸ್ಥರು, ನಕ್ಷೆಯ ಚಿತ್ರಗಾರ ಇಬ್ಬರೇ. ಈಗ ಫೋನೂ ಕಿತ್ಕೊಂಡಿದಾರೆ. ನಾಳೆ ಪೊಲೀಸರಿಗೆ ದೂರು ಕೊಡ್ತಾರಂತೆ."

ನನ್ನ ಸೋದರತ್ತೆ ಕನ್ನಡಕ ಒರೆಸಿದರು. ಇಂಥ ಗಂಟುಗಳನ್ನು ಬಿಡಿಸುವುದು ಅವರ ಉದ್ಯೋಗ. ಪಕ್ಕದಲ್ಲಿ ಸುಮ್ಮನಿರುವುದು ನನ್ನದು. "ಲೋ, ಚಪ್ಪಲಿ ಹಾಕ್ಕೋ. ಅವರ ಪೈಕಿ ಯಾರೂ ಮಾಡದ ಕೆಲಸ ಮಾಡೋಣ. ನಡೆದು ನೋಡೋಣ."

ಓಣಿಯ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಕಾಲುವೆ. ನಡುವೆ ದೋಣಿಕಟ್ಟೆಗೆ ಇಳಿಯುವ ಕಬ್ಬಿಣದ ಗೇಟು. ಅದಕ್ಕೆ ಒರಗಿದ ನನ್ನ ಅಂಗಿಗೆಲ್ಲ ತುಕ್ಕು ಮೆತ್ತಿತು. ಗೇಟಿನ ಆಚೆಗೆ ಓಣಿಯೇ ಇರಲಿಲ್ಲ. ಒಡೆದ ಚಪ್ಪಡಿಗಳ ಅಂಚಿನ ಮೇಲೂ ಹಳೆಯ ಪಾಚಿ. ಅತ್ತೆ ಗೇಟು ತಳ್ಳಿ ಕಟ್ಟೆಗಿಳಿದರು, ಹಿಂತಿರುಗಿ ನೋಡಿದರು, ಮೂಗು ಮುರಿದು ಮೇಲೆ ಬಂದರು.

ಆಫೀಸಿನಲ್ಲಿ ಮುಖ್ಯಸ್ಥರನ್ನೂ ಚಿತ್ರಗಾರನನ್ನೂ ಅತ್ತೆ ಮೇಜಿನ ಮುಂದೆ ಕೂರಿಸಿದರು. ಹುಡುಗಿ ಇಲ್ಲೂ ನಿಂತೇ ಇದ್ದಳು. ಗೋಡೆಯ ಪರದೆಯ ಮೇಲೆ ಆ ಜಾಡು ಕಾಣುತ್ತಿತ್ತು.

"ನೀವು ಓಣಿ ನೋಡಿದೀರಾ?" ಎಂದು ಚಿತ್ರಗಾರನನ್ನು ಕೇಳಿದರು.

"ನಕ್ಷೆಗೆ ಬಣ್ಣ ತುಂಬೋನು ನಾನು. ಅಲ್ಲಿಗೆ ಯಾಕೆ ಹೋಗಲಿ?"

"ಅಬ್ಬ, ಎಂಥ ನೆಮ್ಮದಿ. ತಾವು, ಸಾಹೇಬರೇ?"

"ಹಿಂದೆ ಎಷ್ಟೋ ಸಲ ನಡೆದಿದೀನಿ," ಎಂದರು ಮುಖ್ಯಸ್ಥರು. "ಚಂದದ ಜಾಗ. ಮಧ್ಯದಲ್ಲೊಂದು ಹಸಿರು ಗೇಟು. ಈಚೆಗೆ ಕುಸಿದಿರಬೇಕು. ಈ ಹುಡುಗಿ ಸರಿಯಾಗಿ ನೋಡಿಲ್ಲ, ಅಷ್ಟೆ."

ಅತ್ತೆ ನನ್ನನ್ನು ಎಬ್ಬಿಸಿ ಅಂಗಿಯ ಬೆನ್ನು ತೋರಿಸಿದರು.

"ಓಣಿ ಕಡೆಯಿಂದ ಆ ಗೇಟು ಬರೀ ತುಕ್ಕು. ದೋಣಿಯವರು ಗಿರಾಕಿಗೆ ಕಾಣೋ ಬದಿಗಷ್ಟೇ ಹಸಿರು ಹೊಡೆದಿದಾರೆ. ನೀವು ಅದನ್ನ ನೋಡಿದ್ದು ನೀರಿನ ಮೇಲಿಂದ. ಇನ್ನು ಆ ಜಾಡು ನೋಡಿ. ಮೊದಲಿಂದ ಕೊನೇವರೆಗೂ ಒಂದೇ ವೇಗ. ಕುಸಿದ ಜಾಗದಲ್ಲಿ ಎಡವಿಲ್ಲ, ನಿಂತಿಲ್ಲ. ಕಾಲಿದ್ದವರು ಹಾಗೆ ಹೋಗೋಕಾಗಲ್ಲ, ದೋಣಿ ಹೋಗತ್ತೆ. ಕಾಲುವೆಗೂ ಓಣಿಗೂ ಮಾರುದೂರ. ನಿಮ್ಮ ಆ್ಯಪ್ ನೀರಿನ ಮೇಲಿನ ಜಾಡನ್ನ ಪಕ್ಕದ ಓಣಿಯದು ಅಂತ ಅಂಟಿಸ್ತು."

"ಹೊಸ ದಾರಿ ತೋರಿಸ್ತೀವಿ ಅಂತ ಎಲ್ಲರಿಗೂ ಮಾತು ಕೊಟ್ಟಾಗಿತ್ತು," ಎಂದರು ಮುಖ್ಯಸ್ಥರು, ಮೇಜಿಗೆ ಹೇಳುವಂತೆ. "ಅಷ್ಟು ಕೆಟ್ಟಿದೆ ಅಂತ ಗೊತ್ತಿರಲಿಲ್ಲ."

"ಸುಳ್ಳಿಗೂ ಒಂದು ಅಂದ ಬೇಡವೇ? ಗೊತ್ತಿಲ್ಲದಿದ್ರೆ ನಡೆದೇ ಹೋಗ್ತಿದ್ರಿ. ಈಚೆಗೆ ಕುಸಿದದ್ದೂ ಅಲ್ಲ, ಒಡೆದ ಅಂಚಿನ ಮೇಲೆ ಅಷ್ಟು ಪಾಚಿ ಬೆಳೆಯೋಕೆ ಮಳೆಗಾಲಗಳೇ ಬೇಕು. ನಡೆಯೋಕಾಗಲ್ಲ ಅಂತ ಗೊತ್ತಿದ್ದಕ್ಕೇ ಇವಳ ಫೋನು ಹಿಡ್ಕೊಂಡು ದೋಣಿ ಹತ್ತಿದಿರಿ."

ಚಿತ್ರಗಾರ ತನ್ನ ಕುರ್ಚಿಯನ್ನು ಮುಖ್ಯಸ್ಥರಿಂದ ಒಂದು ಗೇಣು ದೂರ ಸರಿಸಿಕೊಂಡ. ನಿಷ್ಠೆಯ ಅಳತೆ ಅಷ್ಟೇ ಇತ್ತು.

ಅತ್ತೆ ಎದ್ದವರು ಬಾಗಿಲಲ್ಲಿ ನಿಂತರು. "ಒಂದು ಮಾತು. ಆ ಓಣಿಯನ್ನ ಆ್ಯಪ್‌ನಲ್ಲಿ ಮುಚ್ಚಿದಿರಾ?"

ಮುಖ್ಯಸ್ಥರು ಚಿತ್ರಗಾರನನ್ನು ನೋಡಿದರು. ಚಿತ್ರಗಾರ ಪರದೆಯನ್ನು ನೋಡಿದ. ತಪ್ಪು ಯಾರ ತಲೆಗೆ ಕಟ್ಟುವುದೆಂಬ ಚರ್ಚೆಯಲ್ಲಿ ಆ ಓಣಿ ಅಷ್ಟು ದಿನವೂ ಪ್ರವಾಸಿಗರನ್ನು ಕರೆಯುತ್ತಲೇ ಇತ್ತು.

ಹುಡುಗಿ ಮೇಜಿನ ಮೇಲಿದ್ದ ತನ್ನ ಫೋನನ್ನು ಯಾರನ್ನೂ ಕೇಳದೆ ಎತ್ತಿಕೊಂಡಳು. ಓಣಿ ಮುಚ್ಚಿದಳು. ಆಮೇಲಷ್ಟೇ ಕೂತಳು.