ಈಜು ಮೇಷ್ಟ್ರು ಮುಳುಗಿದ ವಿಡಿಯೊ

ಮನೆಗೆ ಯಾರೇ ಬರಲಿ, ಊಟವಾದ ಮೇಲೆ ಅಕ್ಕ ಆ ವಿಡಿಯೊ ತೋರಿಸದೆ ಬಿಡುತ್ತಿರಲಿಲ್ಲ. ಅದರಲ್ಲಿ ಹತ್ತೊಂಬತ್ತು ವರ್ಷದ ತಮ್ಮ ಮಂಡಿಯುದ್ದ ನೀರಿನಲ್ಲಿ ಕೈಕಾಲು ಬಡಿಯುತ್ತ, "ಅಕ್ಕಾ, ಮುಳುಗ್ತಿದೀನಿ" ಎಂದು ಅರಚುತ್ತಿದ್ದ. ಪಕ್ಕದಲ್ಲೇ ಒಂದು ಪುಟ್ಟ ಮಗು ನಿಂತು ಅವನನ್ನೇ ನೋಡುತ್ತಿತ್ತು. ಆ ತಮ್ಮ ಈಗ ಈಜು ಕಲಿಸುವ ಮೇಷ್ಟ್ರು. ಅವನ ಹತ್ತಿರವೇ ಈಜು ಕಲಿತು, ಅವನ ಎದೆಗಾರಿಕೆಗೆ ಮಾರುಹೋಗಿ ಮಗಳನ್ನು ಕೊಡಲು ಒಪ್ಪಿದ್ದ ಭಾವಿ ಮಾವ ಬರುವ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುವವರಿದ್ದರು.

"ಅದೊಂದು ತೋರಿಸ್ಬೇಡ ಕಣೇ," ಎಂದು ತಮ್ಮ ಗೋಗರೆದ.

"ತೋರಿಸದೆ ಇರೋಕಾಗತ್ತೇನೋ? ಅವರೂ ಇನ್ನು ನಮ್ಮೋರೇ ಅಲ್ವಾ," ಎಂದಳು ಅಕ್ಕ.

ಸಂಚು ಹುಟ್ಟಿದ್ದು ಆಗಲೇ. ವಿಡಿಯೊ ಇದ್ದದ್ದು ನಡುಮನೆಯ ಟಿವಿ ಕೆಳಗೆ, ಮನೆಯ ಫೋಟೊ ವಿಡಿಯೊಗಳನ್ನೆಲ್ಲ ಕೂಡಿಡುವ ಪೆಟ್ಟಿಗೆಯಲ್ಲಿ. ಒಳಗೆ ಎರಡು ಹಾರ್ಡ್ ಡಿಸ್ಕ್, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ. ಸುಮ್ಮನೆ ಅಳಿಸಿದರೆ ಅಕ್ಕ ಬಂದು ಹಿಡಿಯುವುದು ಇವನ ಕುತ್ತಿಗೆಯನ್ನೇ. ಆದರೆ ಪೆಟ್ಟಿಗೆ ತುಂಬಿಹೋಗಿದೆಯೆಂದು ಭಾವ ತಿಂಗಳುಗಳಿಂದ ಗೊಣಗುತ್ತಿದ್ದರು. ದೊಡ್ಡ ಡಿಸ್ಕ್ ಹಾಕುವಾಗ ನಾಲ್ಕಾರು ಫೈಲು ಕೆಟ್ಟರೆ ಯಾರನ್ನು ದೂರುವುದು?

"ಡಿಸ್ಕ್ ನಾನು ಹಾಕ್ಕೊಡ್ತೀನಿ ಭಾವ. ನೀವಿಬ್ರೂ ಆರಾಮಾಗಿ ನಿಮ್ ತಂಗಿ ಮನೆಗೆ ಹೋಗ್ಬನ್ನಿ."

"ಅಂತೂ ಜವಾಬ್ದಾರಿ ಬಂತಲ್ಲಪ್ಪ ನಿಂಗೆ," ಎಂದರು ಭಾವ.

ಅವನು ಅವಸರ ಮಾಡಲಿಲ್ಲ. ಹಳೆಯದೊಂದನ್ನು ತೆಗೆದು ಹೊಸದನ್ನು ಕೂರಿಸಿದ. ಅದು ಎಲ್ಲವನ್ನೂ ನಕಲು ಮಾಡಿಕೊಳ್ಳುವವರೆಗೆ ಕಾದು ಎರಡನೆಯದನ್ನು ಬದಲಿಸಿದ. ಶನಿವಾರ ಸಂಜೆಯ ಹೊತ್ತಿಗೆ ಜಾಗ ನಾಲ್ಕು ಪಟ್ಟಾಗಿತ್ತು. ಆಮೇಲೆ ವಿಡಿಯೊ ಅಳಿಸಿದ. ಅದೊಂದೇ ಮಾಯವಾದರೆ ಅನುಮಾನ ಬರುತ್ತದೆಂದು ಭಾವನ ಮಸುಕು ಫೋಟೊಗಳನ್ನೂ, ಎದೆ ಗಟ್ಟಿ ಮಾಡಿಕೊಂಡು, ತಾನು ಪದಕ ಗೆದ್ದ ಫೋಟೊವನ್ನೂ ಬಲಿಕೊಟ್ಟ. ತನ್ನದನ್ನೇ ಕಳೆದುಕೊಂಡವನನ್ನು ಯಾರು ಶಂಕಿಸುತ್ತಾರೆ? ಅಕ್ಕನ ಫೋನನ್ನು ಮೊದಲೇ ಜಾಲಾಡಿದ್ದ. ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ ಹಳೆಯ ಡಿಸ್ಕ್‌ಗಳಿಗೆ ಡ್ರಿಲ್ಲಿನಿಂದ ತೂತು ಕೊರೆದ.

ಮನಸ್ಸು ಹಗುರವಾಯಿತು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಖುಷಿ ತಡೆಯಲಾರದೆ ಕಾರ್ಪೆಟ್ಟಿನ ಮೇಲೆ ಬೋರಲು ಬಿದ್ದು, ಕೈಕಾಲು ಬಡಿಯುತ್ತ, "ಅಕ್ಕಾ, ಮುಳುಗ್ತಿದೀನಿ" ಎಂದು ಮನಸಾರೆ ಕೂಗಿದ. ಎದ್ದು ನಿಂತು ಖಾಲಿ ಸೋಫಾಗೆ ಹೇಳಿದ: "ಈಗ ತೋರಿಸು ನೋಡೋಣ, ನಿನ್ನ ಬೀಗರಿಗೆ."

ಭಾನುವಾರ ಊಟವಾಯಿತು. ಕಳೆದುಹೋದ ವಿಡಿಯೊ ನೆನೆದು ಅಕ್ಕ ಪೇಚಾಡಿದಳು. ಅವನೂ ಪದಕದ ಫೋಟೊ ನೆನೆದು ನಿಟ್ಟುಸಿರು ಬಿಟ್ಟ.

"ಪಾಪ, ಹೋಗ್ಲಿ ಬಿಡಪ್ಪ," ಎಂದು ಭಾವಿ ಮಾವ ಬೆನ್ನು ಸವರಿದರು.

"ಅದು ಹೋದ್ರೇನಂತೆ, ಹೊಸದೊಂದು ಬಂದಿದೆ," ಎನ್ನುತ್ತ ಭಾವ ಟಿವಿ ಹಾಕಿದರು. ತೆರೆಯ ಮೇಲೆ ಇದೇ ನಡುಮನೆ, ಇದೇ ಕಾರ್ಪೆಟ್ಟು, ಒಂದು ಹನಿ ನೀರೂ ಇಲ್ಲದ ಕಡೆ ಮುಳುಗುತ್ತಿರುವ ಈಜು ಮೇಷ್ಟ್ರು. ಸೋಫಾ ಪರಚುವ ಬೆಕ್ಕಿನ ಮೇಲೆ ಕಣ್ಣಿಡಲು ಭಾವ ಎಂದೋ ಕಪಾಟಿನ ಮೇಲೆ ಕೂರಿಸಿದ್ದ ಪುಟ್ಟ ಕ್ಯಾಮೆರಾ, ತಾನು ಕಂಡದ್ದನ್ನೆಲ್ಲ ಇದೇ ಪೆಟ್ಟಿಗೆಗೆ ತುಂಬುತ್ತಿತ್ತು. ಜಾಗ ಸಾಲದೆ ತಿಂಗಳುಗಳಿಂದ ಸುಮ್ಮನಾಗಿದ್ದ ಅದಕ್ಕೆ, ನಿನ್ನೆ ಸಂಜೆ ಅವನೇ ಬೇಕಾದಷ್ಟು ಜಾಗ ಮಾಡಿಕೊಟ್ಟಿದ್ದ.