ಎಡತೋಳಿನ ಗುಂಡಿ

"ಮೇಡಂ, ಇವತ್ತಿನ ಪೇಶಂಟ್ ಬಂದ್ರು!"

ಅವಳು ಬಾಗಿಲ ಕಡೆ ತಿರುಗಿದಳು.

ಅವನು!

ಅದೇ ಎತ್ತರ, ಅದೇ ಕೆದರಿದ ಕೂದಲು. ಬಲಗೈ ಮಾತ್ರ ಮೈಗೆ ಅಂಟಿಕೊಂಡಂತಿತ್ತು. ತುಂಬುತೋಳಿನ ಅಂಗಿ ತೊಟ್ಟಿದ್ದ. ಬಲತೋಳಿನ ಗುಂಡಿ ಹಾಕಿತ್ತು, ಎಡತೋಳಿನದು ತೆರೆದೇ ಇತ್ತು.

ಬೇರೆಯವರ ಕಣ್ಣಿಗೆ ಅದು ಅಸಡ್ಡೆ. ಅವಳಿಗೆ ಹಾಗಲ್ಲ. ಎಡತೋಳಿನ ಗುಂಡಿ ಹಾಕಬೇಕಾದ್ದು ಬಲಗೈಯ ಬೆರಳುಗಳು. ಆ ಬೆರಳುಗಳು ಇವತ್ತಿಗೂ ಅವನ ಮಾತು ಕೇಳುತ್ತಿಲ್ಲ ಎಂದು ಒಂದೇ ನೋಟಕ್ಕೆ ತಿಳಿದುಹೋಯಿತು.

'ಇಷ್ಟು ಹೊತ್ತಿಗೆ ಸರಿಹೋಗಬೇಕಿತ್ತಲ್ಲ... ಏನು ಮಾಡಿಕೊಂಡೆ ನೀನು?'

"ನಮಸ್ಕಾರ ಮೇಡಂ," ಎಂದ ಅವನು. ಆ 'ಮೇಡಂ' ಅವಳಿಗೆ ಚುಚ್ಚಿತು.

"ಕೂತ್ಕೊಳ್ಳಿ," ಎಂದಳು.

ಪೆಟ್ಟು ತಿಂದ ಕೈಕಾಲುಗಳಿಗೆ ದಿನನಿತ್ಯದ ಕೆಲಸವನ್ನು ಮತ್ತೆ ಕಲಿಸುವುದು ಹೇಗೆ ಎಂದು ಹೇಳಿಕೊಡುವ ಥೆರಪಿ ಕಾಲೇಜು ಅದು. ತರಗತಿಯ ಒಂದು ಮೂಲೆಯಲ್ಲಿ ಪುಟ್ಟ ಅಡುಗೆಕಟ್ಟೆ, ಇನ್ನೊಂದು ಮೂಲೆಯಲ್ಲಿ ಎಲ್ಲಿಗೂ ಹೋಗದ ಮೂರು ಮೆಟ್ಟಿಲು, ಗೋಡೆಯ ಹಲಗೆಯ ಮೇಲೆ ಚಿಲಕ, ಬೀಗ, ನೀರು ಬಾರದ ನಲ್ಲಿ. ಹಳೆಯ ಪೆಟ್ಟಿನವರು ಆಗಾಗ ಬಂದು ವಿದ್ಯಾರ್ಥಿಗಳ ಕಲಿಕೆಗೆ ನೆರವಾಗುತ್ತಿದ್ದರು. ಇವತ್ತು ಬಂದವನು ಅವಳನ್ನು ಮದುವೆಯಾಗಬೇಕಿದ್ದವನು!

ಅವನು ಮರಗೆಲಸದವನು. ಊರೆಲ್ಲ ಅವನನ್ನು ಮೇಸ್ತ್ರಿ ಎನ್ನುತ್ತಿತ್ತು. ಅವಳೂ ಹಾಗೇ ಕರೆದು ರೇಗಿಸುತ್ತಿದ್ದಳು. ಮದುವೆಯ ಮಾತು ಮುಗಿದು, ಮನೆಗೆಂದು ಅವನು ಊಟದ ಮೇಜು ಮಾಡಲು ಕೂತಿದ್ದಾಗಲೇ ಬೈಕು ಜಾರಿತು. ಭುಜದ ನರಕ್ಕೆ ಪೆಟ್ಟು. ಕೈ ಸೋತುಹೋಯಿತು.

ಅವಳು ಆಗಷ್ಟೇ ಥೆರಪಿ ಓದು ಮುಗಿಸಿದ್ದಳು. ಓದಿದ್ದೆಲ್ಲ ತಲೆಗೇರಿತ್ತು. ಪೇಶಂಟ್ ಕಷ್ಟಪಡುವಾಗ ಮುಂದೆ ಬಿದ್ದು ಮಾಡಿಕೊಡಬೇಡಿ, ಕಾಯಿರಿ, ಇಲ್ಲದಿದ್ದರೆ ಆ ಕೈ ಕಲಿಯುವುದೇ ಇಲ್ಲ ಎಂದು ಅವಳಿಗೆ ಕಲಿಸಿದ್ದರು. ಅದು ಸುಳ್ಳೂ ಅಲ್ಲ.

ಒಂದು ದಿನ ಅವನ ಅಣ್ಣನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅವನು ಬಲಗೈಯಲ್ಲೇ ನೀರಿನ ಲೋಟ ಎತ್ತಿದ. ಕೈ ನಡುಗಿತು. ನೀರೆಲ್ಲ ಅಂಗಿಯ ಮೇಲೆ! ಯಾರೋ ಕಿಸಕ್ಕೆಂದರು. ಅವನು ಪಕ್ಕದಲ್ಲಿದ್ದ ಅವಳ ಮುಖ ನೋಡಿದ. ಅವಳು ಅಲುಗಾಡಲಿಲ್ಲ. ಮೇಜಿನ ಕೆಳಗೆ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಮ್ಮೆ ಎತ್ತಲಿ ಎಂದು ಕಾಯುತ್ತಾ ಕೂತಳು. ಕೊನೆಗೆ ಅತ್ತಿಗೆ ಓಡಿಬಂದು ಒರೆಸಿದರು.

"ನಿನಗೆ ನಾನು ಬರೀ ಪೇಶಂಟ್ ಅಲ್ವಾ? ಇಲ್ಲಾ, ಪಕ್ಕದಲ್ಲಿ ಕೂರೋಕೇ ನಾಚಿಕೆನಾ?" ಎಂದು ಆಮೇಲೆ ಬೀದಿಯಲ್ಲಿ ನಿಂತು ಕೇಳಿದ್ದ.

ಒಂದು ಮಾತು... ಒಂದೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ ಆ ಜಂಬಗಾರ್ತಿ! 'ನನ್ನನ್ನು ಇಷ್ಟೇನಾ ಅರ್ಥಮಾಡಿಕೊಂಡಿದ್ದು' ಎಂದು ಮುಖ ಊದಿಸಿಕೊಂಡು ಹೊರಟುಹೋದಳು. ಸಿಟ್ಟು ಇಳಿದ ಮೇಲೆ ಹುಡುಕಿದರೆ ಅವನು ಅಂಗಡಿ ಮುಚ್ಚಿ ಊರನ್ನೇ ಬಿಟ್ಟಿದ್ದ. ನಾಲ್ಕು ವರ್ಷ ಅವಳು ಅದನ್ನೇ ನೆನೆದು ಕೊರಗಿದ್ದಳು.

ಈಗ ಅವನ ಮುಂದೆ ಒಂದು ಜಗ್ಗು, ಒಂದು ಲೋಟ.

"ಬಲಗೈಯಲ್ಲಿ ನೀರು ಬಗ್ಗಿಸ್ಕೊಂಡು ಕುಡೀಬೇಕು," ಎಂದಳು. "ಕಷ್ಟ ಆದ್ರೆ ನಾವು ಸ್ವಲ್ಪ ಹೊತ್ತು ಕಾಯ್ತೀವಿ. ಸಹಾಯ ಬೇಕು ಅಂದ ತಕ್ಷಣ ಬರ್ತೀವಿ. ಆಗಬಹುದಾ?"

ಅವನು ಹುಬ್ಬೇರಿಸಿದ. "ಹೂಂ."

ಜಗ್ಗು ಎತ್ತಿದ. ನಡುಗಿತು. ನೀರು ಮೇಜಿನ ತುಂಬ ಹರಿಯಿತು. ಮುಂದೆ ನಿಂತಿದ್ದ ಬಾಯಿಬಡುಕಿ ವಿದ್ಯಾರ್ಥಿನಿ "ಅಯ್ಯೋ" ಎಂದು ನುಗ್ಗಿದಳು.

"ಕೈ ಹಿಂದೆ!" ಎಂದು ಅವಳು ಗದರಿದಳು.

ಹುಡುಗಿ ಗಕ್ಕನೆ ನಿಂತಳು. ಅವನೂ ತಲೆಯೆತ್ತಿದ. ವಿದ್ಯಾರ್ಥಿಗಳೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಅವಳೂ ಅಷ್ಟೆ. ಅವಳ ತೋಳುಗಳು ಮಾತ್ರ ಭುಜದವರೆಗೂ ಅದುರುತ್ತಿದ್ದವು.

"ಮೇಡಂ, ಹೀಗೆ ಗೊಂಬೆ ಥರ ನಿಂತ್ರೆ ಅವರಿಗೆ ಬೇಜಾರಾಗಲ್ವಾ? ಕಲ್ಲು ಮನಸ್ಸು ಅಂದ್ಕೊಳ್ತಾರೆ," ಎಂದಳು ಬಾಯಿಬಡುಕಿ.

"ಅಂದ್ಕೊಳ್ತಾರೆ... ನನ್ನನ್ನ ಒಬ್ಬರು ಹಾಗೇ ಅಂದ್ಕೊಂಡ್ರು."

ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು.

"ನನ್ನ ಸಂಶೋಧನೆ ಶುರುವಾಗಿದ್ದೇ ಅಲ್ಲಿಂದ," ಎಂದಳು ಅವಳು, ಅವನ ಕಡೆ ನೋಡದೆ. "ಯಾವಾಗ ಕಾಯ್ಬೇಕು, ಯಾವಾಗ ಕೈ ಚಾಚಬೇಕು ಅಂತ ಎಷ್ಟೋ ಪೇಶಂಟ್‌ಗಳನ್ನ ಕೇಳ್ದೆ. ಕಾದಿದ್ದಕ್ಕೆ ಅವರಿಗೆ ಅಷ್ಟು ನೋವಿರ್ಲಿಲ್ಲ. ಹೇಳದೆ ಕಾದಿದ್ದಕ್ಕೆ ನೋವಿತ್ತು. ನಾನೂ ಹೇಳಿರ್ಲಿಲ್ಲ. ಅವರು ಲೋಟ ಎತ್ತುವಾಗ ನನ್ನ ಕೈಯನ್ನ ನಾನೇ ಹಿಡ್ಕೊಂಡಿದ್ದೆ, ಉಗುರು ಚುಚ್ಚಿ ರಕ್ತ ಬರೋ ಹಾಗೆ. ಅದು ಅವರಿಗೆ ಕಾಣಿಸ್ಲೇ ಇಲ್ಲ. ತಪ್ಪು ನಂದು."

ಅವನು ಜಗ್ಗನ್ನು ಮತ್ತೆ ಎತ್ತಿದ. ಈ ಸಲ ಎಡಗೈಯ ಆಸರೆ ಕೊಟ್ಟ. ಅರ್ಧ ಲೋಟ ತುಂಬಿತು. ಕುಡಿದ.

ಗಂಟೆ ಹೊಡೆಯಿತು. ವಿದ್ಯಾರ್ಥಿಗಳು ಹೊರಟರು. ಬಾಯಿಬಡುಕಿ ಇಬ್ಬರ ಮುಖವನ್ನೂ ನೋಡಿ, ಏನೋ ಹೊಳೆದವಳಂತೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೋದಳು.

ಅವನೂ ಎದ್ದ. 'ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ!' ಎಂದುಕೊಂಡಳು ಅವಳು.

"ಮೇಸ್ತ್ರಿ..."

ಅವನು ನಿಂತ.

"ಕೈ ಯಾಕೆ ಹೀಗಾಯ್ತು? ಇಷ್ಟರಲ್ಲಿ ಸರಿಹೋಗ್ಬೇಕಿತ್ತು!"

"ಥೆರಪಿ ಬಿಟ್ಬಿಟ್ಟೆ. ವ್ಯಾಯಾಮದ ಚೆಂಡು ಹಿಡ್ಕೊಂಡ್ರೆ ನೀನೇ ಕಣ್ಮುಂದೆ ಬರ್ತಿದ್ದೆ. ಸಿಟ್ಟಿಗೆ ಎಸೆದುಬಿಟ್ಟೆ."

ಅವಳ ಕಣ್ಣು ತುಂಬಿ ಬಂತು. ನರ ಚೇತರಿಸಿಕೊಳ್ಳುವ ಹೊತ್ತನ್ನೆಲ್ಲ ಅವರಿಬ್ಬರ ಹಟ ತಿಂದುಹಾಕಿತ್ತು. ಇನ್ನು ಆ ಬೆರಳುಗಳು ಮೊದಲಿನಂತೆ ಉಳಿ ಹಿಡಿಯಲಾರವು. ಅದನ್ನು ಅವನಿಗಿಂತ ಚೆನ್ನಾಗಿ ಅವಳು ಬಲ್ಲಳು.

"ನಾನು ಆವತ್ತು ಹೇಳಿದ್ದಿದ್ರೆ..."

"ನಾನು ಕೇಳ್ಬಹುದಿತ್ತು," ಎಂದ ಅವನು. "ಒಂದ್ಸಲ ಮೇಜಿನ ಕೆಳಗೆ ಬಗ್ಗಿ ನೋಡಿದ್ರೂ ಸಾಕಿತ್ತು... ನಮ್ಮ ಮನೆಗೆ ಅಂತ ಮಾಡ್ತಿದ್ದ ಮೇಜು ಇನ್ನೂ ಹಾಗೇ ಇದೆ ಗೊತ್ತಾ? ಎರಡೇ ಕಾಲು. ಈಗ ಹುಡುಗರಿಗೆ ಕೆಲಸ ಕಲಿಸ್ತೀನಿ. ಅದನ್ನ ಮಾತ್ರ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

"ಇಲ್ಲಿಗೆ ಯಾಕೆ ಬಂದೆ?"

"ಯಾರ ಕ್ಲಾಸ್ ಅಂತ ಕೇಳ್ಕೊಂಡೇ ಬಂದೆ ಕಣೆ!"

ಅವಳು ಅಳುತ್ತಲೇ ನಕ್ಕಳು. "ನಾನು ನಿನ್ನನ್ನ ಒಂದು ದಿನಾನೂ ಮರೆತಿಲ್ಲ. ಈಗಲೂ ನೀನೇ ಬೇಕು... ತಡವಾಯ್ತಾ?"

ಅವನು ಎಡಗೈಯನ್ನು ಅವಳ ಮುಂದೆ ಚಾಚಿದ.

"ಇದೊಂದು ಗುಂಡಿ ನನ್ನಿಂದ ಆಗ್ತಿಲ್ಲ. ಅಮ್ಮ ಹಾಕ್ತೀನಿ ಅಂದ್ರೂ ಬೇಡ ಅಂತಿದ್ದೆ. ಹಾಕ್ತೀಯಾ?"

ಎಷ್ಟು ಜನರಿಗೆ ಗುಂಡಿ ಹಾಕಲು ಕಲಿಸಿದ ಬೆರಳುಗಳೋ ಅವು! ಇವತ್ತು ಗುಂಡಿ ಕಾಜಾದೊಳಗೆ ಹೋಗಲೇ ಇಲ್ಲ. ಜಾರಿತು. ಮತ್ತೆ ಜಾರಿತು.

ಅವನು ಸೋತ ಬಲಗೈಯನ್ನು ನಿಧಾನವಾಗಿ ಬೆನ್ನ ಹಿಂದೆ ಒಯ್ದ.

"ಸ್ವಲ್ಪ ಹೊತ್ತು ಕಾಯ್ತೀನಿ," ಎಂದ ಮೆಲ್ಲಗೆ. "ಸಹಾಯ ಬೇಕಾ?"

"ಬೇಡ," ಎಂದಳು ಬಿಕ್ಕುತ್ತಾ. "ಇಲ್ಲೇ ನಿಂತಿರು... ಸಾಕು."