ಗುಲಾಬಿ ಗಿಡದ ಮೇಲೆ ಪಾರ್ಕಿಂಗ್

"ನನ್ನ ಗುಲಾಬಿ ಗಿಡದ ಮೇಲೆ ಕಾರು ನಿಲ್ಸೋಕೆ ಹೇಳಿದ್ದು ನೀವೇನಾ?"

ಮ್ಯಾಪ್ ಆಫೀಸಿನ ಹುಡುಗಿ ತಲೆ ಎತ್ತಿದಳು. ಎದುರಿಗೆ ಮೊಣಕೈವರೆಗೂ ಮಣ್ಣು ಮೆತ್ತಿಕೊಂಡ ನರ್ಸರಿಯವನು. ತಪ್ಪು ಅವಳದೇ. ಅವನು ಗಿಡಗಳ ನೆರಳಿಗೆಂದು ಕಟ್ಟಿದ್ದ ಶೇಡ್ ನೆಟ್ ಉಪಗ್ರಹದ ಚಿತ್ರದಲ್ಲಿ ಚಾವಣಿಯಂತೆ ಕಂಡಿತ್ತು. ಸುತ್ತಲೂ ಗಾಜಿನ ಆಫೀಸುಗಳಿರುವಾಗ ನಡುವೆ ಪಾರ್ಕಿಂಗ್ ಅಲ್ಲದೆ ಇನ್ನೇನಿದ್ದೀತು ಎಂದು ಗುರುತು ಹಾಕಿಬಿಟ್ಟಿದ್ದಳು. ಅಂದಿನಿಂದ ಐಟಿ ಮಂದಿ ಫೋನ್ ನೋಡಿಕೊಂಡು ನೇರ ಗಿಡಗಳ ಮೇಲೆಯೇ ನುಗ್ಗುತ್ತಿದ್ದರು.

ಗುರುತು ಅಳಿಸುವ ಮೊದಲು ಸ್ಥಳಕ್ಕೆ ಹೋಗಿ ನೋಡಬೇಕೆಂಬುದು ಆಫೀಸಿನ ನಿಯಮ. ಒಂದು ಸಲ ಹೋಗಿದ್ದರೆ ಸಾಕಿತ್ತು. ಅವಳು ದಿನಾ ಸಂಜೆ ಹೋದಳು.

"ಇನ್ನೂ ಪಾರ್ಕಿಂಗ್ ಥರಾನೇ ಕಾಣ್ತಿದೆಯಾ?" ಎಂದು ಅವನು ಓರೆಗಣ್ಣಲ್ಲಿ ನೋಡುವನು.

"ಸ್ವಲ್ಪ ಅನುಮಾನ ಇದೆ," ಎಂದು ಅವಳು ನಗು ನುಂಗಿಕೊಳ್ಳುವಳು.

ಒಂದು ಸಂಜೆ ಹೋದರೆ ಅವನು ನೆಟ್ಟನ್ನೇ ಬಿಚ್ಚುತ್ತಿದ್ದ. ಜಾಗದ ಯಜಮಾನರು ಹೊಸ ಟವರಿಗೆ ಜಾಗ ಕೊಟ್ಟಿದ್ದರು. ಈ ಊರು ಬೆಳೆಯುತ್ತಾ ಬೆಳೆಯುತ್ತಾ ತನ್ನನ್ನು ಎಬ್ಬಿಸುತ್ತಿರುವುದು ಇದು ಮೂರನೇ ಸಲ, ಸಾಕಾಗಿಹೋಗಿದೆ, ಗಿಡ ಮಾರಿ ದೂರದೂರಿನ ಅಣ್ಣನ ಅಂಗಡಿ ಸೇರುತ್ತೇನೆ ಅಂದ.  ಅಳುತ್ತಾ ಕೂರುವ ಜಾಯಮಾನ ಅವಳದಲ್ಲ.

ಊರಿನ ಹಳೆಯ ಚಿತ್ರಗಳೆಲ್ಲ ಆಫೀಸಿನಲ್ಲಿದ್ದವು. ಹೊಲದ ನಡುವೆ ಮೊದಲ ಗಾಜಿನ ಕಟ್ಟಡ, ಆಮೇಲೆ ಅಗಲ ರಸ್ತೆ, ಮೇಲ್ಸೇತುವೆ, ಸಾಲುಸಾಲು ಫ್ಲಾಟು. ಒಂದರ ಮೇಲೊಂದಿಟ್ಟು ನೋಡಿದಳು. ಕೆರೆಯಾಚೆಯ ತಗ್ಗು ಮಾತ್ರ ಎಲ್ಲದರಲ್ಲೂ ಹಸಿರಾಗಿಯೇ ಇತ್ತು. ವಿಚಾರಿಸಿದರೆ, ಜೌಗು ನೆಲ, ಕಟ್ಟಡಕ್ಕೆ ಪಾಯ ನಿಲ್ಲುವುದಿಲ್ಲವೆಂದು ಬಿಲ್ಡರುಗಳೆಲ್ಲ ಕೈಚೆಲ್ಲಿದ್ದರು. ಕುಂಡಗಳಿಗೆ ಪಾಯ ಯಾಕೆ? ಆ ನೆಲದ ಒಡತಿ ಅಜ್ಜಿಯ ಮನೆಗೆ ಚಪ್ಪಲಿ ಸವೆಯುವಷ್ಟು ಅಲೆದು, ಬಾಡಿಗೆಗೆ ಒಪ್ಪಿಸಿಕೊಂಡೇ ಬಂದಳು.

"ಅಲ್ಲಿಂದ ನಿಮ್ಮನ್ನ ಯಾರೂ ಎಬ್ಬಿಸಲ್ಲ," ನಡೆದದ್ದನ್ನೆಲ್ಲ ನರ್ಸರಿಯವನಿಗೆ ತಿಳಿಸಿ ಅಂದಳು.

"ಇಷ್ಟೆಲ್ಲ ಯಾಕೆ ಮಾಡಿದ್ರಿ?"

"ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ. ಅದಕ್ಕೆ."

 ಅವನು ಕೈ ಒರೆಸಿಕೊಂಡು ಫೋನ್ ತೆಗೆದ.

"ಅಣ್ಣಾ, ನಾನು ಅಲ್ಲಿಗೆ ಬರ್ತಿಲ್ಲ. ನೀನೇ ಅತ್ತಿಗೇನ ಕರ್ಕೊಂಡು ಬಾ. ನನ್ನ ಮದುವೆ ಮಾತಾಡೋದಿದೆ."

ಹುಡುಗಿ ಒಪ್ಪಿದ್ದಾಳೇನೋ ಎಂದು ಅತ್ತ ಅಣ್ಣ ಕೇಳಿದ್ದು ಇವಳಿಗೂ ಕೇಳಿಸಿತು. ಅವನು ಬಾಯಿ ತೆರೆಯುವ ಮೊದಲೇ ಅವಳು ಫೋನ್ ಕಸಿದುಕೊಂಡಳು.

"ಒಪ್ಪಿದ್ದೀನಿ ಭಾವ. ಬೇಗ ಬನ್ನಿ."